ಎದುರು ಗರಡಿಯ ಕೆಲಸ

ಭರಮಣ್ಣ ತಲೆ ತಗ್ಗಿಸಿಕೊಂಡು ಗರಡಿಗೆ ಬಂದ. ಕುಸ್ತಿಯಲ್ಲಿ ಸೋತ ದಿನವೂ ಅವನು ಹಾಗೆ ಬಂದವನಲ್ಲ.

ಅವನ ಗುರು ಉಸ್ತಾದ್ ಜವರಪ್ಪ ಅಖಾಡದ ಕೆಮ್ಮಣ್ಣಿಗೆ ಮಜ್ಜಿಗೆ ಚಿಮುಕಿಸುತ್ತಿದ್ದರು.

"ಹೊಸಿಲಾಚೆಯೇ ಯಾಕೆ ನಿಂತೆಯೋ? ಕುಸ್ತಿ ಕಲಿಸೋಕೆ ಕರೆದಿದ್ದರಲ್ಲ, ಎರಡು ವಿಶ್ವವಿದ್ಯಾಲಯದವರೂ. ನೋಡಿಕೊಂಡು ಬಂದೆಯಾ?"

"ಬಂದೆ, ಉಸ್ತಾದರೇ."

"ನಮ್ಮೂರಿನದು ಹೇಗಿದೆ?"

"ಕುರ್ಚಿ ಹಾಕಿ ಕೂರಿಸಿದರು. ಒಳ್ಳೆಯ ಸಂಬಳ. ಮನೆ ಕೊಡ್ತಾರೆ, ಹಿತ್ತಲಲ್ಲಿ ಬಾವಿ ಇದೆ. ನಿಮ್ಮ ಹೆಸರೆತ್ತಿದರೆ ಎದ್ದು ನಿಲ್ತಾರೆ."

"ಹೊಳೆಯಾಚೆಯದು?"

ಭರಮಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಹೊಳೆಯಾಚೆಯ ವಿಶ್ವವಿದ್ಯಾಲಯದಲ್ಲಿ ಕುಸ್ತಿಗಿಳಿಯುವವರೆಲ್ಲ ಎದುರು ಗರಡಿಯವರು. ತಲೆಮಾರುಗಳ ಜಿದ್ದು. ತನ್ನ ಗರಡಿಯ ಗುಟ್ಟಿನ ಪಟ್ಟನ್ನು ಅವರಿಗೆ ತೋರಿಸಿದವನು ಮತ್ತೆ ಈ ಹೊಸಿಲು ತುಳಿಯುವಂತಿರಲಿಲ್ಲ.

"ಅಲ್ಲಿ ಮನೆ ಕೊಡ್ತಾರಾ?"

"ಕೇಳಲಿಲ್ಲ."

"ಸಂಬಳ?"

"ಹೇಳಿದರು. ಮರೆತೆ."

"ಚೆನ್ನಾಯಿತು! ಮದುವೆಮನೆಗೆ ಹೋಗಿ ಉಣ್ಣದೆ ಬಂದ ಹಾಗೆ. ಮತ್ತೇನು ನೋಡಿದೆ ಅಲ್ಲಿ?"

"ಒಬ್ಬ ವಿದ್ಯಾರ್ಥಿಯನ್ನು. ಬೀಳ್ತಾನೆ, ಏಳ್ತಾನೆ, ಮತ್ತೆ ಬೀಳ್ತಾನೆ. ನಮ್ಮ ಪಟ್ಟಿನ ಹತ್ತಿರಕ್ಕೆ ತಾನಾಗಿಯೇ ಬಂದುಬಿಟ್ಟಿದ್ದ, ಉಸ್ತಾದರೇ. ಸೊಂಟ ಸರಿಯಾಗಿ ತಿರುಗ್ತಿತ್ತು. ಎಡಗಾಲು ಮಾತ್ರ ಒಂದು ಗೇಣು ಹಿಂದೆ."

"ನೀನೇನು ಮಾಡಿದೆ?"

"ನೋಡಿಕೊಂಡು ಕೂರಲು ಆಗಲಿಲ್ಲ. ಅಂಗಿ ಬಿಚ್ಚಿ ಇಳಿದೆ. ಕಾಲು ಎಲ್ಲಿಡಬೇಕು ಅಂತ ತೋರಿಸಿಬಿಟ್ಟೆ." ಭರಮಣ್ಣನ ದನಿ ಕುಗ್ಗಿತು. "ಅದಕ್ಕೇ ಆಚೆ ನಿಂತಿದ್ದೇನೆ."

ಜವರಪ್ಪ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟರು.

"ಪಟ್ಟು ಹಾಕಿದನಾ ಅವನು?"

"ಹಾಕಿದ." ತಡೆದರೂ ನಗು ತುಟಿಗೆ ಬಂದುಬಿಟ್ಟಿತು. "ಅವರ ದೊಡ್ಡ ಪೈಲ್ವಾನನನ್ನೇ ಎತ್ತಿ ಒಗೆದ."

"ಇಳಿ ಕೆಳಕ್ಕೆ. ಅವನಿಗೆ ತೋರಿಸಿದ್ದನ್ನು ನನಗೆ ಹಾಕು."

ಭರಮಣ್ಣ ಹೊಸಿಲನ್ನೊಮ್ಮೆ, ಗುರುವನ್ನೊಮ್ಮೆ ನೋಡಿದ.

"ನಾನು ಒಳಗೆ... ನಿಮಗೂ ವಯಸ್ಸಾಯಿತು..."

"ವಯಸ್ಸಾಗಿರೋದು ನನಗೆ, ಪಟ್ಟಿಗಲ್ಲ. ಬಾರೋ!"

ಹೊಸಿಲು ದಾಟಿ ಇಳಿದ. ಸೊಂಟ ಹಿಡಿದ, ತಿರುಗಿದ, ಎಡಗಾಲು ಊರಿದ. ಎಲ್ಲವೂ ಸರಿಯಾಗಿತ್ತು. ಮರುಗಳಿಗೆ ಅವನ ಬೆನ್ನಿಗೆ ತಣ್ಣನೆಯ ಮಣ್ಣು ತಾಗಿತು. ಕಣ್ಣೆದುರು ಗರಡಿಯ ತೊಲೆಗಳಿದ್ದವು.

"ನಮ್ಮ ಪಟ್ಟಿಗೇ ಪ್ರತಿಪಟ್ಟು! ಇದನ್ನು ನನಗೆ ಕಲಿಸಲೇ ಇಲ್ಲವಲ್ಲ!"

"ಗೆಲ್ಲಲು ಹೊರಟವನಿಗೆ ಇದನ್ನು ಹೇಳಿಕೊಡೋದಿಲ್ಲ. ಕಲಿಸಲು ಹೊರಟವನಿಗೆ ಕೊಡೋದು. ಏಳು, ಮತ್ತೊಮ್ಮೆ ಹಿಡಿ."

ಅವನಿಗೆ ಆ ಪಟ್ಟು ಕೈಗೂಡುವವರೆಗೂ ಜವರಪ್ಪ ಬಿಡಲಿಲ್ಲ. ಅಷ್ಟರಲ್ಲಿ ಬಿಸಿಲೇರಿತ್ತು. ಇಬ್ಬರೂ ಏದುಸಿರು ಬಿಡುತ್ತ ಕುಳಿತರು.

"ನಾನು ಹೊಳೆ ದಾಟಿ ಹೋದರೆ, ಮುಂದೊಂದು ದಿನ ನಮ್ಮವರು ಅವರ ಕೈಲಿ ಬೀಳ್ತಾರೆ, ಉಸ್ತಾದರೇ. ಜನ ನಿಮ್ಮನ್ನು ಆಡಿಕೊಳ್ತಾರೆ."

ಜವರಪ್ಪ ತೊಡೆಯ ಮೇಲಿನ ಮಣ್ಣು ಕೊಡವಿದರು. ಮೀಸೆಯ ಮೇಲೆ ಕೈಯಾಡಿಸಿದರು.

"ಬೀಳಲಿ. ಅವತ್ತು ಯಾರೇ ಗೆಲ್ಲಲಿ, ಪಟ್ಟು ನನ್ನದೇ. ಜನ ತಿರುಗಿ ನೋಡೋದು ನನ್ನ ಕಡೆಗೇ."