ಒಣವೀಳ್ಯದ ಬಂಡೆ

ಬಿಲ್ಲಹಳ್ಳಿ ಕೆರೆಯ ಏರಿ ಮುಗಿದು ಗುಡ್ಡ ಆರಂಭವಾಗುವಲ್ಲಿ ಒಂದು ಹಾಸುಬಂಡೆಯಿದೆ. ಊರ ಪಂಚಾಯಿತಿ ಕೂರಬಹುದಾದಷ್ಟು ಅಗಲ, ಬಿಸಿಲಿಗೆ ಕಂದಿದ ಬಣ್ಣ. ಅದರ ಮೇಲೆ ದೇವರಿಲ್ಲ, ಶಾಸನವಿಲ್ಲ. ಆದರೂ ಈ ಊರಿನವರು ಚಪ್ಪಲಿ ಮೆಟ್ಟಿ ಅದನ್ನು ಹತ್ತುವುದಿಲ್ಲ. ಅದಕ್ಕೆ ಒಣವೀಳ್ಯದ ಬಂಡೆ ಎಂದು ಹೆಸರು. ಹೆಸರು ಬಂದ ಬಗೆಯನ್ನು ಹಿರಿಯರು ಹೇಳಿದಂತೆಯೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಮಾಚನದುರ್ಗದ ಕಾಟನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನ ಕಾಲದಲ್ಲಿ ದುರ್ಗ ಬೆಳೆದು, ಕೋಟೆಯೊಳಗೆ ಜಾಗ ಸಿಗದ ಜನ ಹೊರಗೆ ಕೇರಿ ಕಟ್ಟಿಕೊಂಡರು. ಇದ್ದ ಬಾವಿಗಳು ಹೂಳು ತುಂಬಿ ಕೆಟ್ಟವು. ನಾಯಕನ ಮನಸ್ಸು ಬಾವಿಗಳ ಕಡೆ ಹೋಗಲಿಲ್ಲ. ದೂರದೇಶದ ವರ್ತಕರನ್ನು ಕರೆತಂದು ಹೊಸ ಪೇಟೆ ಕಟ್ಟಿಸಬೇಕು, ಪೇಟೆಯ ನಡುವೆ ಕೊಳ, ಕೊಳದ ಸುತ್ತ ತೋಟ ಇರಬೇಕು ಎಂಬುದು ಅವನ ಆಸೆ. ಅದಕ್ಕೆಲ್ಲ ನೀರು ಬಿಲ್ಲಹಳ್ಳಿ ಕೆರೆಯಿಂದ ಹೋಗಬೇಕು. ಗುಡ್ಡ ಕಡಿದು ಕಾಲುವೆ ತೆಗೆಯುವ ವೆಚ್ಚವನ್ನು ಕೆರೆಯ ಕೆಳಗಿನ ಹಳ್ಳಿಗಳೇ ಹೊರಬೇಕು. ಪ್ರತಿ ಕಣದಿಂದ ಧಾನ್ಯದ ಪಾಲು, ಪ್ರತಿ ಮನೆಯಿಂದ ಬಿಟ್ಟಿ ಆಳು ಬರಬೇಕು ಎಂದು ಅಪ್ಪಣೆಯಾಯಿತು.

ಆಗಿನ ಪದ್ಧತಿಯಂತೆ ಹೊಸ ತೆರಿಗೆಗೆ ಅರಮನೆಯಿಂದ ತಟ್ಟೆಯಲ್ಲಿ ವೀಳ್ಯ ಬರುತ್ತಿತ್ತು. ಗೌಡ ಅದನ್ನು ಕೈಗೆತ್ತಿಕೊಂಡರೆ ಊರು ಒಪ್ಪಿದಂತೆ. ಪ್ರಧಾನಿ ತಿಮ್ಮರಸಯ್ಯ ಬಂದು ತಟ್ಟೆಯನ್ನು ಈ ಬಂಡೆಯ ಮೇಲಿರಿಸಿದ. ಒಪ್ಪಿಗೆ ಸಿಕ್ಕೇ ಸಿಗುವುದೆಂದು ಕಲ್ಲುಕುಟಿಗರು ಆಗಲೇ ಗುಡ್ಡ ಕಡಿಯತೊಡಗಿದ್ದರು. ಗೌಡರಲ್ಲೆಲ್ಲ ಹಿರಿಯರಾದ ಬಿಲ್ಲಹಳ್ಳಿಯ ಮುದ್ದವೀರಗೌಡರಿಗೆ ಇದ್ದವಳು ಒಬ್ಬಳೇ ಮಗಳು, ಹಾಲಮ್ಮ. ಅವಳನ್ನು ಕೊಟ್ಟಿದ್ದು ದುರ್ಗದ ಹೊರಕೇರಿಗೆ. ಆ ಬೇಸಗೆಯಲ್ಲಿ ಕೆಟ್ಟ ನೀರು ಕುಡಿದು ಅವಳ ಹಸುಗೂಸು ತೀರಿಕೊಂಡಿತ್ತು. ಅದನ್ನು ಬಲ್ಲ ಪ್ರಧಾನಿ ಅವಳನ್ನೇ ಜೊತೆಗೆ ಕರೆತಂದಿದ್ದ.

"ಅಪ್ಪಯ್ಯ, ವೀಳ್ಯ ಎತ್ತು" ಎಂದಳು ಹಾಲಮ್ಮ. "ನನ್ನ ಕೂಸು ಹೋದಂಗೆ ಇನ್ನೊಬ್ಬಳ ಕೂಸು ಹೋಗೋದು ಬ್ಯಾಡ."

ಗೌಡರು ಮಗಳ ತಲೆ ನೇವರಿಸಿದರಂತೆ. ಬಳಿಕ ಪ್ರಧಾನಿಯ ಕಡೆ ತಿರುಗಿದರು. "ಬುದ್ಧಿ, ಕುಡಿಯೋ ನೀರಿಗೆ ನಮ್ಮ ತಕರಾರಿಲ್ಲ. ಬಾವಿ ಹೂಳೆತ್ತೋಕೆ ಕರೀರಿ, ಊರೂರೇ ಗುದ್ದಲಿ ಹಿಡಿದು ಬರ್ತೀವಿ. ಇನ್ನೂ ಕಟ್ಟದ ಪೇಟೆಗೆ, ಇನ್ನೂ ಬಾರದ ಸಾಹುಕಾರರ ಕೊಳಕ್ಕೆ ನಮ್ಮ ಗದ್ದೆ ಒಣಗಿಸಿ, ಅದರ ಖರ್ಚನ್ನೂ ನಾವೇ ಕೊಡೋದು ಅಂದ್ರೆ ಆಗೋದಿಲ್ಲ."

"ನಾಯಕರು ಕೇಳಿದ್ದು ಒಪ್ಪಿಗೆ, ಬುದ್ಧಿವಾದ ಅಲ್ಲ" ಎಂದ ಪ್ರಧಾನಿ. "ಎತ್ತುವ ತನಕ ವೀಳ್ಯ ಇಲ್ಲೇ ಇರುತ್ತೆ. ನೀವೂ ಇಲ್ಲೇ ಇರಿ."

ಗೌಡರು ತಟ್ಟೆಯ ಮುಂದೆ ಕುಳಿತರು. ಹಳ್ಳಿಗಳ ಜನ ಬಂದು ಬಂಡೆಯ ಸುತ್ತ ಕುಳಿತರು. ಯಾರೂ ಕಲ್ಲೆತ್ತಲಿಲ್ಲ, ಬೈಯಲಿಲ್ಲ. ಯಾರೂ ವೀಳ್ಯವನ್ನೂ ಮುಟ್ಟಲಿಲ್ಲ. ನೆರಳಿಗೊಂದು ಚಪ್ಪರ ಹಾಕಲು ಪ್ರಧಾನಿಯ ಕಾವಲಿನವರು ಬಿಡಲಿಲ್ಲ. ದಿನಗಳುರುಳಿ, ಬಿಸಿಲಿಗೆ ಎಲೆ ಬಾಡಿ ಮುರುಟಿತು, ಅಡಕೆ ಬಿರಿಯಿತು. ಹಾಲಮ್ಮ ದುರ್ಗಕ್ಕೆ ಹಿಂದಿರುಗದೆ ದೂರದಲ್ಲಿ ಮುಖ ತಿರುಗಿಸಿ ಕೂತಿದ್ದಳು. ಅಪ್ಪ ಸೋತು ವಾಲುವುದನ್ನು ಕಂಡು ಕಡೆಗೆ ಚೊಂಬು ಹಿಡಿದು ಬಂದಳು.

"ನನ್ನ ಮೇಲೆ ಸಿಟ್ಟೇನು, ತಾಯಿ?" ಎಂದರು ಗೌಡರು.

"ಸಿಟ್ಟೇ. ನೀರು ಕುಡಿ."

ಅದೇ ಅವರು ಕುಡಿದ ಕೊನೆಯ ನೀರು ಎನ್ನುತ್ತಾರೆ. ಮಗಳ ತೋಳಿಗೆ ಒರಗಿ ಗೌಡರು ಪ್ರಾಣ ಬಿಟ್ಟರು. ಜನ ಗೋಳಿಡುತ್ತಿರುವಾಗಲೇ ಪ್ರಧಾನಿ ತಟ್ಟೆಯನ್ನು ಹಾಲಮ್ಮನತ್ತ ಸರಿಸಿದ. "ಗೌಡರ ಕುಡಿ ನೀನು. ನೀನೇ ಎತ್ತಮ್ಮ. ನಿನ್ನ ಕೇರಿಗೆ ನೀರು ಬರುತ್ತೆ."

ಹಾಲಮ್ಮ ತಲೆಯೆತ್ತಿ, "ಮೊದಲು ಬರೋದು ನಮ್ಮ ಕೇರಿಗೋ, ಕೊಳಕ್ಕೋ? ಸತ್ತವರ ಮುಂದೆ ಆಣೆ ಮಾಡಿ ಹೇಳಿ" ಎಂದಳು. ಪ್ರಧಾನಿ ತಟ್ಟೆಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವಳು ಸೆರಗಿನಿಂದ ತಂದೆಯ ಮುಖ ಮುಚ್ಚಿದಳು.

ತಂದೆಯ ಮಣ್ಣು ಮುಗಿದೊಡನೆ ಅವಳು ದುರ್ಗಕ್ಕೆ ನಡೆದು, ಕೇರಿಯ ಹೆಂಗಸರಿಗೆ ಕಂಡದ್ದನ್ನೆಲ್ಲ ಹೇಳಿದಳು. ಮರುದಿನ ಅರಮನೆಯ ಬಾಗಿಲ ತುಂಬ ಬರಿಯ ಬಿಂದಿಗೆಗಳು. "ನಮ್ಮ ಬಾಯಾರಿಕೆಯ ಹೆಸರಲ್ಲಿ ಹಳ್ಳಿ ಒಣಗಿಸಬ್ಯಾಡಿ. ನಮ್ಮ ಬಾವಿ ತೆಗೆಸಿಕೊಡಿ" ಎಂದು ಹೆಂಗಸರು ಕುಳಿತುಬಿಟ್ಟರು. ಹಳ್ಳಿಗಳ ಮಾತಿಗೆ ಕಿವಿಗೊಡದ ನಾಯಕನಿಗೆ ತನ್ನ ದುರ್ಗವೇ ಎದುರಾದಾಗ ದಿಕ್ಕು ತೋಚಲಿಲ್ಲ. ಅವನು ಮರುಗಿದನೆಂದು ಕೆಲವರು, ಹೆದರಿದನೆಂದು ಕೆಲವರು ಹೇಳುತ್ತಾರೆ. ಅಂತೂ ಕಲ್ಲುಕುಟಿಗರನ್ನು ಹಿಂದಕ್ಕೆ ಕರೆಸಿದ. ಬಂಡೆಯ ಮೇಲಿನ ಒಣವೀಳ್ಯವನ್ನು ಗಾಳಿ ಕೊಂಡೊಯ್ದಿತು, ಹೆಸರು ಉಳಿಯಿತು. ಸತ್ತ ಗೌಡರ ಮಾತಿನಂತೆ ಹಳ್ಳಿಗಳ ಜನ ಗುದ್ದಲಿ ಹೊತ್ತು ದುರ್ಗಕ್ಕೆ ಹೋಗಿ ಹೂಳೆತ್ತಿದರು. ಸೆಲೆ ಚಿಮ್ಮಿದ ದಿನ ಮೊದಲ ಬೊಗಸೆ ನೀರನ್ನು ಹಾಲಮ್ಮನಿಗೇ ಕೊಟ್ಟರಂತೆ. ಅವಳು ಅದನ್ನು ಕುಡಿಯಲಾರದೆ ಅತ್ತಳು ಎನ್ನುತ್ತಾರೆ.

ಇಂದು ಬಂದವರು ಬಂಡೆಯ ಹಿಂದೆ ಇಳಿದರೆ ಗುಡ್ಡದಲ್ಲಿ ಕಡಿದ ಕಾಲುವೆಯ ಬಾಯಿ ಕಾಣುತ್ತದೆ. ಎರಡೂ ಬದಿಯ ಕಲ್ಲಿನಲ್ಲಿ ಉಳಿಯ ಗುರುತುಗಳು ಇನ್ನೂ ಮಾಸಿಲ್ಲ. ತುಸು ದೂರ ಹೋಗುವಷ್ಟರಲ್ಲಿ ಕಾಲುವೆ ನಿಂತುಬಿಡುತ್ತದೆ. ಅದರಾಚೆ ಯಾರೂ ಮುಟ್ಟದ ಇಡೀ ಗುಡ್ಡ. ಮಳೆಯಾದಾಗ ಕಡಿದಷ್ಟು ಉದ್ದದ ಕಲ್ಲಿನಲ್ಲಿ ನೀರು ನಿಲ್ಲುತ್ತದೆ. ಮೇಯಲು ಬಂದ ಆಡುಗಳು ಅದನ್ನು ಕುಡಿದು ಹೋಗುತ್ತವೆ.