ಜೋಗುಳ ಕೇಳಿದ ಹಪ್ಪಳ

ಎಲ್ಲರ ಒಲೆಯಲ್ಲೂ ಬೆಂಕಿಯಾಗಿ ಕೂತಿರುವ ಶಿವನೇ, ನಿನಗೆ ಶರಣು. ನನ್ನ ನಾಲಿಗೆ ತಪ್ಪಿದರೆ ತಿದ್ದು, ಕೇಳುವವರು ತೂಕಡಿಸಿದರೆ ಎಬ್ಬಿಸು.

ಒಂದಾನೊಂದು ಊರಿನಲ್ಲಿ ಒಂದು ಹಪ್ಪಳದ ಕಂಪನಿ ಇತ್ತು. ಯಜಮಾನಿ ಸಂಗವ್ವ. ಅಲ್ಲಿ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಮಣೆ, ಒಂದೊಂದೇ ಜಾಗ. ನಾದುವವಳು ಹಿಟ್ಟಿನ ಮುಂದೆಯೇ, ಲಟ್ಟಿಸುವವಳು ಲಟ್ಟಣಿಗೆಯ ಮುಂದೆಯೇ, ಕೂಸುಗಳನ್ನು ಮಲಗಿಸುವ ಮುದುಕಿ ಫಕೀರವ್ವ ತೊಟ್ಟಿಲ ಮುಂದೆಯೇ. ಬೇರೆಯವರು ಬಂದು ಕೂತರೆ ಮಣೆ "ನೀ ಯಾರವ್ವಾ?" ಎಂದು ಉರುಳಿಸಿಬಿಡುತ್ತಿತ್ತು.

ಆ ಊರಿನ ಅರಸನಿಗೆ ಹಪ್ಪಳವೆಂದರೆ ಪ್ರಾಣ. ಆದರೆ ಅದು ಕರುಂ ಎಂದಾಗಲೆಲ್ಲ ಅವನ ಮೀಸೆ ಬೆಚ್ಚಿ ಮೂಗಿನೊಳಗೆ ಅಡಗುತ್ತಿತ್ತು. ಒಂದು ದಿನ ಹೇಳಿ ಕಳಿಸಿದ: "ಗರಿಗರಿ ಇರಬೇಕು, ಸದ್ದು ಇರಬಾರದು. ಸೋಮವಾರದೊಳಗೆ ಅಂಥ ಹಪ್ಪಳ ಬರದಿದ್ದರೆ ಕಂಪನಿಗೆ ಬೀಗ!"

ಸಂಗವ್ವ ಎಲ್ಲರನ್ನೂ ಕರೆದು ಅರಸನ ಮಾತು ಹೇಳಿದಳು. ಹನ್ನೆರಡು ಹೆಂಗಸರ ಅನ್ನ! ನಾದುವವಳು ಇನ್ನಷ್ಟು ನಾದಿದಳು. ಕರುಂ. ಲಟ್ಟಿಸುವವಳು ಇನ್ನಷ್ಟು ಲಟ್ಟಿಸಿದಳು. ಕರುಂ. ಒಣಗಿಸುವವಳು ಇನ್ನಷ್ಟು ಒಣಗಿಸಿದಳು. ಕರುಂ ಕರುಂ.

ಸಂಗವ್ವ ಶಿವನನ್ನು ನೆನೆದು ಮಣೆಗಳಿಗೇ ಕೈ ಮುಗಿದಳು. "ನೀವಾದರೂ ದಾರಿ ತೋರಿಸ್ರೆಪ್ಪಾ."

"ನೂರು ವರ್ಷ ನಿಮ್ಮನ್ನ ನಾವು ಹೊತ್ತೀವಿ," ಎಂದವು ಮಣೆಗಳು. "ಇವತ್ತೊಂದಿನ ನೀವು ನಮ್ಮನ್ನ ಹೊರ್ರಿ. ಊರು ತೋರಿಸ್ರಿ."

"ಅಯ್ಯ, ನಿಮ್ಮ ತೂಕ ಎಷ್ಟೈತಿ ಗೊತ್ತೈತೇನು?" ಫಕೀರವ್ವ ಸಿಡುಕಿದಳು.

"ನಿನ್ನ ತೂಕ ನಮಗ ಗೊತ್ತೈತಿ, ಸುಮ್ಕಿರು!"

ಹೆಂಗಸರು ಮಣೆ ಹೊತ್ತು ಊರೆಲ್ಲ ಸುತ್ತಿದರು. ದಣಿದು ಬಂದು ಕಂಡಕಂಡಲ್ಲಿ ಇಳಿಸಿ ಕೂತರು. ಊರು ನೋಡಿ ಬಂದ ಮಣೆಗಳು ಯಾರನ್ನೂ "ನೀ ಯಾರವ್ವಾ?" ಎಂದು ಉರುಳಿಸಲಿಲ್ಲ. ಫಕೀರವ್ವನಿಗೆ ಸಿಕ್ಕಿದ್ದು ಹಿಟ್ಟಿನ ಮುಂದಿನ ಜಾಗ. ಅವಳಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಹಿಟ್ಟನ್ನು ಮೆಲ್ಲಗೆ ತಟ್ಟುತ್ತ ಜೋಗುಳ ಹಾಡಿದಳು. ಹಿಟ್ಟು ಆಕಳಿಸಿತು. ಹಪ್ಪಳವಾಗುವ ಹೊತ್ತಿಗೆ ಗಾಢ ನಿದ್ದೆ. ಕಾದ ಎಣ್ಣೆಯಲ್ಲಿ ಮಗ್ಗುಲು ಬದಲಿಸಿತೇ ಹೊರತು ಏಳಲಿಲ್ಲ.

ಸೋಮವಾರ ಸಂಗವ್ವ ಫಕೀರವ್ವನನ್ನು ಕರೆದುಕೊಂಡು ಹಪ್ಪಳ ಒಯ್ದು, ಜೋಗುಳದ ಸಂಗತಿ ಹೇಳಿದಳು. ಅರಸ ಕಚ್ಚಿದ. ಗರಿಗರಿ ಮುರಿಯಿತು. ಸದ್ದಿಲ್ಲ. ಮೀಸೆ ಅಲ್ಲಾಡಲಿಲ್ಲ.

"ಭಲೆ! ಬೀಗ ಬೇಡ. ಈ ಮುದುಕಿಯ ಮಣೆಗೆ ಹಿಟ್ಟಿನ ಮುಂದೆಯೇ ಮೊಳೆ ಹೊಡೆಯಿರಿ, ಕದಲಬಾರದು!"

"ಬ್ಯಾಡ್ರಿ ದೊರಿ," ಎಂದಳು ಸಂಗವ್ವ. "ನಾಳೆ ಮತ್ತ ಮಣೆ ಹೊರತೀವಿ. ಯಾರು ಎಲ್ಲಿ ಕೂತು ಏನು ಮಾಡತಾರೋ, ಶಿವನೇ ಬಲ್ಲ."

ಅರಸ ಮೀಸೆಯನ್ನು ಕೇಳಿದ. ಮೀಸೆ ಹೂಂ ಎಂದಿತು. ಮರುದಿನ ಪಾತ್ರೆ ತೊಳೆಯುವವಳು ಹಿಟ್ಟು ನಾದಿದಳು. ಆ ಹಪ್ಪಳಗಳು, ಅರಸ ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟು ಆಮೇಲೆ ಹೊಟ್ಟೆಗೆ ಹೋದವು.

ಆದ್ದರಿಂದ ಕಂಪನಿ ನಡೆಸುವ ಪುಣ್ಯವಂತರೇ, ಆಗಾಗ ನಿಮ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಿರುಗಿ. ಕೇಳಿದ ನಿಮಗೆಲ್ಲ ದೇವರು ಹಸಿವು ಕೊಡಲಿ, ಹಸಿವಿಗೆ ತಕ್ಕ ಊಟ ಕೊಡಲಿ, ಊಟಕ್ಕೆ ಜೊತೆ ಕೊಡಲಿ.