ಕರ್ಪೂರದ ಡಬ್ಬಿಯ ಕಾವಲುಗಾರ

ಕರ್ಪೂರ ಆವಿಯಾಗಿ ಹೋಗದಿರಲೆಂದು ಅಜ್ಜಿ ಡಬ್ಬಿಯಲ್ಲಿ ಒಂದು ಕಾಳುಮೆಣಸು ಹಾಕಿಟ್ಟಿದ್ದಳು. ಮೆಣಸಿಗೆ ತನ್ನ ಕಾವಲಿನ ಬಗ್ಗೆ ಭಾರಿ ಹೆಮ್ಮೆ.

"ಮುಚ್ಚಳ ತೆಗೆದಾಗ ನನ್ನ ಹಿಂದೆ ಅಡಗಿಕೋ ತಂಗಿ. ಬೆಂಕಿ ತಾಗಿದರೆ ನಿನ್ನ ಕಥೆ ಮುಗಿಯಿತು" ಎಂದು ಅದು ಒಂದು ಕರ್ಪೂರದ ಬಿಲ್ಲೆಗೆ ಹೇಳಿತು.

ಬಿಲ್ಲೆ ನಕ್ಕಿತು. "ಈ ಡಬ್ಬಿಗೆ ಬಂದಾಗ ನಿನ್ನ ಎರಡರಷ್ಟಿದ್ದೆ ಮೆಣಸಣ್ಣ. ಈಗ ನೋಡು, ನಿನ್ನ ಹಿಂದೆ ಅಡಗುವಷ್ಟಾಗಿದ್ದೇನೆ. ಹೇಗೂ ಕರಗುವವಳು, ಬೆಳಗಿಯೇ ಕರಗುತ್ತೇನೆ."

ಅಷ್ಟರಲ್ಲಿ ಅಜ್ಜಿ ಮುಚ್ಚಳ ತೆಗೆದಳು. ಬಿಲ್ಲೆ ತಾನಾಗಿಯೇ ಅವಳ ಬೆರಳಿಗೆ ಸಿಕ್ಕಿತು. ಆರತಿ ತಟ್ಟೆಯಲ್ಲಿ ಅದು ಧಗ್ಗನೆ ಉರಿದಾಗ ಮನೆಮಂದಿಯ ಮುಖವೆಲ್ಲ ಹೊಳೆಯಿತು. ತೊಟ್ಟಿಲಲ್ಲಿದ್ದ ಮಗು ಕೇಕೆ ಹಾಕಿ ನಕ್ಕಿತು. ತೆರೆದ ಡಬ್ಬಿಯಿಂದ ಮೆಣಸು ಎಲ್ಲವನ್ನೂ ನೋಡಿತು.

ಮರುದಿನ ಮುಚ್ಚಳದ ಸದ್ದಾದ ಕೂಡಲೇ ಮೆಣಸು ಪಕ್ಕಕ್ಕೆ ಉರುಳಿ, ಇನ್ನೊಂದು ಬಿಲ್ಲೆಗೆ ಹೇಳಿತು: "ಬೇಗ ಮುಂದೆ ಬಾ ತಂಗಿ, ಮಗು ಕಾಯುತ್ತಿದೆ!"